ಮೊದಲು ಅಚ್ಚು, ಆಮೇಲೆ ಜೀರ್ಣೋದ್ಧಾರ

ಮಾನ್ಯ ಸಂಪಾದಕರೇ,

ನಮ್ಮೂರ ಈಶ್ವರನ ಗುಡಿಯ ಬಾಗಿಲ ಪಕ್ಕ ಎರಡು ಬರಹದ ಕಲ್ಲುಗಳಿದ್ದವು. ಚಿಕ್ಕವರಿದ್ದಾಗ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದೆವು. ಒಂದೂ ಅರ್ಥವಾಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಗುಡಿಯ ಜೀರ್ಣೋದ್ಧಾರವಾಯಿತು. ಕಲ್ಲು ಹೊಳೆಯಲಿ ಅಂತ ಮೆಷಿನ್ ಹಿಡಿದು ಉಜ್ಜಿಸಿದರು. ನಾನು ಹೋಗಿ ನೋಡುವಷ್ಟರಲ್ಲಿ ಒಂದು ಕಲ್ಲು ಕನ್ನಡಿಯಂತೆ ನುಣ್ಣಗಾಗಿತ್ತು. ಇನ್ನೊಂದು ಹೊಸ ಜಗಲಿಯ ಅಡಿಪಾಯ ಸೇರಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಎಲ್ಲರೂ ಭಕ್ತಿಯಿಂದಲೇ ಚಂದಾ ಕೊಟ್ಟವರು, ನಾನೂ ಕೊಟ್ಟಿದ್ದೆ.

ಆಮೇಲೆ ಗ್ರಂಥಾಲಯದಲ್ಲಿ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟ ತೆಗೆದು ಹುಡುಕಿದೆ. ಉಜ್ಜಿಹೋದ ಕಲ್ಲಿನ ಬರಹ ಅದರಲ್ಲಿ ಸಿಕ್ಕಿತು! ಗುಡಿಯ ನಂದಾದೀಪಕ್ಕೆ ಬಿಟ್ಟ ಗದ್ದೆಯ ವಿವರ ಅದು. ಗದ್ದೆಯ ಎಲ್ಲೆ ಯಾವ ಹಳ್ಳದಿಂದ ಯಾವ ಮರದವರೆಗೆ ಅನ್ನುವುದನ್ನೂ ಬರೆದಿದ್ದಾರೆ. ಆ ಹಳ್ಳದ ಹೆಸರು ಇವತ್ತಿಗೂ ಅದೇ. ಅಡಿಪಾಯ ಸೇರಿದ ಕಲ್ಲು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅದರಲ್ಲಿ ಏನಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. 1905ರ ಹೊತ್ತಿಗೆ ಅವರು ಮತ್ತು ಅವರ ಜೊತೆಗಿದ್ದ ಪಂಡಿತರು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಸುಮಾರು 9 ಸಾವಿರ ಶಾಸನಗಳನ್ನು 12 ಸಂಪುಟಗಳಲ್ಲಿ ತಂದಿದ್ದರು. ರಸ್ತೆ, ವಾಹನ ಇಲ್ಲದ ಕಾಲದಲ್ಲಿ ಇಷ್ಟು ಕೆಲಸ ಆಗಿದೆ. ನಮ್ಮ ನಾಡಿನ ಮೊದಲ ಸಾವಿರ ವರ್ಷದ ಕಥೆಯಲ್ಲಿ ಬಹುಪಾಲು ನಿಂತಿರುವುದು ಇಂಥ ಕಲ್ಲುಗಳ ಮೇಲೆ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಅಂತ ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ ಅಲ್ವಾ? ಅದು ಗೊತ್ತಾಗಿದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಒಂದು ಕಂಬದಿಂದ. ಬೆಂಗಳೂರು ಅಂದರೆ ‘ಬೆಂದ ಕಾಳೂರು’, ಹೊಯ್ಸಳ ಬಲ್ಲಾಳ ಇಟ್ಟ ಹೆಸರು ಅಂತ ಕಥೆಯಿದೆ. ಬೆಂಗಳೂರಿನದೇ ಬೇಗೂರಿನ ಗುಡಿಯ ಕಲ್ಲಿನಲ್ಲಿ ಅದಕ್ಕಿಂತ ಸುಮಾರು 300 ವರ್ಷ ಮೊದಲೇ ‘ಬೆಂಗಳೂರ ಕಾಳೆಗ’ ಅಂತ ಕೆತ್ತಿದ್ದಾರೆ. ಆ ಕಲ್ಲು ಯಾವುದೋ ಜಗಲಿಯ ಅಡಿ ಸೇರಿದ್ದರೆ?

ಎಲ್ಲ ಕಲ್ಲನ್ನೂ ಮ್ಯೂಸಿಯಂಗೆ ಸಾಗಿಸಿ ಅಂತ ನಾನು ಹೇಳುತ್ತಿಲ್ಲ. ಕಲ್ಲು ಇದ್ದ ಜಾಗದಲ್ಲೇ ಇರಲಿ. ಅದನ್ನು ಮುಟ್ಟುವ ಮುಂಚೆ ಅಚ್ಚು ತೆಗೆಯಬೇಕು, ಅಷ್ಟೇ. ಒಮ್ಮೆ ಪಡಿಯಚ್ಚು ತೆಗೆಯುವುದನ್ನು ಹತ್ತಿರದಿಂದ ನೋಡಿದ್ದೇನೆ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಮೆಲ್ಲಗೆ ಬಡಿಯುತ್ತಾರೆ. ಕಾಗದ ಅಕ್ಷರಗಳ ಒಳಗೆ ಇಳಿಯುತ್ತದೆ. ಮೇಲೆ ಕಪ್ಪು ಮಸಿ ತಟ್ಟಿದರೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಅರ್ಧ ದಿನದ ಕೆಲಸ. ಗುಡಿ ಕೆಲಸ, ರಸ್ತೆ ಅಗಲ ಮಾಡುವುದು, ಕೆರೆ ಹೂಳೆತ್ತುವುದು, ಯಾವುದಕ್ಕೇ ಆಗಲಿ ಒಪ್ಪಿಗೆ ಕೊಡುವ ಮುಂಚೆ ಈ ಅರ್ಧ ದಿನ ಕಡ್ಡಾಯವಾಗಲಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಊರಿನ ಬರಹದ ಕಲ್ಲು, ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಕಲ್ಲುಗಳ ಪಟ್ಟಿ ಇರಲಿ.

ಓದುಗರಿಗೂ ಒಂದು ಮಾತು. ಅಕ್ಷರ ಕಾಣಲಿ ಅಂತ ಕಲ್ಲಿಗೆ ಪೇಂಟ್ ಬಳಿಯಬೇಡಿ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಸವೆದ ಅಕ್ಷರವೂ ಎಷ್ಟೋ ಚೆನ್ನಾಗಿ ಕಾಣುತ್ತದೆ. ಅಟ್ಟದ ಮೇಲೆ ಅಜ್ಜನ ಕಾಲದ ಕಡತ, ಓಲೆಗರಿ ಇದ್ದರೆ ಹಳೇ ಕಸ ಅಂತ ಸುಮ್ನೆ ಒಲೆಗೆ ಹಾಕಬೇಡಿ, ಓದಬಲ್ಲವರಿಗೆ ತೋರಿಸಿ.

ನಮ್ಮೂರ ಕೆರೆ ಏರಿಯ ಮೇಲೆ, ತೂಬಿನ ಹತ್ತಿರ, ಇನ್ನೂ ಒಂದು ಕಲ್ಲಿದೆ. ಅರ್ಧ ಮಣ್ಣಲ್ಲಿ ಹೂತಿದೆ. ಮೇಲಿನ ನಾಲ್ಕು ಸಾಲು ಕಾಣುತ್ತದೆ. ಬೇಸಿಗೆಯಲ್ಲಿ ಏರಿ ಅಗಲ ಮಾಡುತ್ತಾರಂತೆ. ಅಷ್ಟರೊಳಗೆ ಸಂಬಂಧಪಟ್ಟ ಇಲಾಖೆಯವರು ಒಮ್ಮೆ ಬಂದು ಅಚ್ಚು ತೆಗೆದುಕೊಂಡು ಹೋಗಲಿ. ಕಲ್ಲು ತೊಳೆಯಲು ನೀರು ನಾನೇ ಹೊತ್ತು ತರುತ್ತೇನೆ. ಬಂದವರಿಗೆ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.

ಇಂತಿ,
ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ