ಮಳೆಗಾಲಕ್ಕೂ ಒಂದು ಹೂತೋಟ ಬೇಡವೇ?

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಜಲಪಾತಗಳು ಶುರು. ಜೋಗ, ಅಬ್ಬಿ, ಹೆಬ್ಬೆ, ಮಲ್ಲಳ್ಳಿ. ಮುಂದಿನ ವಾರ ಅದೇ ದಾರಿಗಳಲ್ಲಿ ಟ್ರಾಫಿಕ್ ಜಾಮ್ ಆದ ಸುದ್ದಿ, ಬಂಡೆ ಮೇಲೆ ಜಾರಿದವರ ಸುದ್ದಿ. ಮಳೆಯಲ್ಲಿ ಹೋಗಿ ನೋಡೋಕೆ ನಮ್ಮಲ್ಲಿ ಬೇರೇನೂ ಇಲ್ವಾ? ನಾನು ಸಕಲೇಶಪುರದ ಕಡೆಯವನು, ಸದ್ಯ ಕೆಲಸದ ಮೇಲೆ ಜಪಾನಿನ ಯೋಕೊಹಾಮಾದಲ್ಲಿದ್ದೇನೆ.

ಇಲ್ಲೂ ಜೂನ್ ಅಂದ್ರೆ ಮಳೆಗಾಲ. ಮಲೆನಾಡಿನಷ್ಟು ಜೋರಿಲ್ಲ, ಬರೀ ಜಿಟಿಜಿಟಿ, ಮೈಯೆಲ್ಲ ಅಂಟು. ಆದರೂ ಜನ ಕೊಡೆ ಹಿಡಿದು, ರೈಲು ಹತ್ತಿ, ಪಕ್ಕದ ಕಾಮಾಕುರಾ ಊರಿಗೆ ಹೋಗುತ್ತಾರೆ. ಹೈಡ್ರಾಂಜಿಯಾ ನೋಡೋಕೆ. ಹೌದು, ನಮ್ಮ ಕಾಫಿ ಎಸ್ಟೇಟ್ ಬಂಗಲೆಗಳ ಮುಂದೆ ಇರುತ್ತಲ್ಲ, ಹೂಕೋಸಿನ ಗಾತ್ರದ ನೀಲಿ ಗೊಂಚಲು, ಅದೇ ಗಿಡ. ಅದರ ತವರು ಜಪಾನೇ.

ಅಲ್ಲಿ ಮೇಗೆತ್ಸುಇನ್ ಅಂತ ಒಂದು ಝೆನ್ ಬೌದ್ಧ ದೇವಾಲಯ ಇದೆ. ಕಿತಾ-ಕಾಮಾಕುರಾ ಸ್ಟೇಷನ್‌ನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಸಾಕು. ಅಂಗಳವೇನೂ ದೊಡ್ಡದಲ್ಲ. ಲಾಲ್‌ಬಾಗಿನ 240 ಎಕರೆ ನೋಡಿದವರಿಗೆ ಇದು ಮನೆ ಹಿತ್ತಲು ಅನ್ನಿಸಬಹುದು. ಆದರೆ ಅಲ್ಲಿ ಸುಮಾರು 2,500 ಹೈಡ್ರಾಂಜಿಯಾ ಗಿಡಗಳಿವೆ, ಬಹುತೇಕ ಒಂದೇ ತಳಿ, ಒಂದೇ ನೀಲಿ, ಕಲ್ಲು ಮೆಟ್ಟಿಲಿನ ಎರಡೂ ಬದಿಗೆ ಸೊಂಟದೆತ್ತರ ಬೆಳೆದು ದಾರಿಯನ್ನೇ ಅರ್ಧ ನುಂಗಿವೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ದಾರಿ ಸರಿ ಮಾಡಲು ಗೂಟಗಳು ಸಿಗಲಿಲ್ಲವಂತೆ, ಅದರ ಬದಲಿಗೆ ಜಾಸ್ತಿ ಆರೈಕೆ ಬೇಡದ ಈ ಗಿಡ ನೆಟ್ಟರಂತೆ. ಯಾವ ಯೋಜನೆಯೂ ಇಲ್ಲ, ಶಂಕುಸ್ಥಾಪನೆಯೂ ಇಲ್ಲ ನೋಡಿ!

ಅದೇ ಊರಿನ ಹಾಸೆದೆರಾ ದೇವಾಲಯದ್ದು ಬೇರೆಯೇ ರೀತಿ. ಅಲ್ಲಿ 40ಕ್ಕೂ ಹೆಚ್ಚು ತಳಿಗಳು, ಗುಡ್ಡದ ಇಳಿಜಾರಿನಲ್ಲಿ ಗುಲಾಬಿ, ನೇರಳೆ, ಬಿಳಿ, ನೀಲಿ ಎಲ್ಲ ಕಲೆತಿವೆ, ಮೇಲಿನಿಂದ ಸಮುದ್ರವೂ ಕಾಣುತ್ತದೆ. ಹೂವಿನ ಕಾಲದಲ್ಲಿ ಜನ ಎಷ್ಟೆಂದರೆ ಆ ದಾರಿಗೆ ಹೊತ್ತು ನಿಗದಿ ಮಾಡಿ ಟಿಕೆಟ್ ಕೊಡುತ್ತಾರೆ. ನನಗಂತೂ ಮೇಗೆತ್ಸುಇನ್‌ನ ಒಂದೇ ನೀಲಿ ಹೆಚ್ಚು ಹಿಡಿಸಿತು. ಮಳೆ ಬಿದ್ದಾಗಲೇ ಅದರ ಬಣ್ಣ ಗಾಢ, ಬಿಸಿಲಿಗೆ ಗೊಂಚಲು ಜೋತು ಬೀಳುತ್ತದೆ. ಮಳೆ ಬಂತು ಅಂತ ಗೊಣಗುವವರೇ ಅಲ್ಲಿರಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಹೈಡ್ರಾಂಜಿಯಾದ ಬಣ್ಣ ತಳಿಯಿಂದ ಮಾತ್ರ ಬರೋದಲ್ಲ, ಮಣ್ಣಿನಿಂದಲೂ ಬರುತ್ತೆ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಅದು ಹೂವಿನ ಬಣ್ಣದ ಜೊತೆ ಸೇರಿ ನೀಲಿ ಮಾಡುತ್ತದೆ. ಸುಣ್ಣದಂಶ ಜಾಸ್ತಿ ಇದ್ದರೆ ಅದೇ ಗಿಡ ಗುಲಾಬಿಗೆ ತಿರುಗುತ್ತದೆ. ಬಿಳಿ ತಳಿಗಳಿಗೆ ಮಾತ್ರ ಈ ಆಟ ನಡೆಯಲ್ಲ. ಕಾಫಿ ತೋಟದವರು ಮಣ್ಣಿನ ಹುಳಿ ಇಳಿಸೋಕೆ ಅಂತಲೇ ದುಡ್ಡು ಕೊಟ್ಟು ಸುಣ್ಣ ಹಾಕಿಸುತ್ತಾರೆ, ಅಲ್ವಾ? ಅವರಿಗೆ ತಲೆನೋವಾದ ಮಣ್ಣು ಈ ಗಿಡಕ್ಕೆ ಹಬ್ಬ. ಮಳೆ, ನೆರಳು, ತಂಪು ಯಾವುದನ್ನೂ ನಾವು ಹೊರಗಿಂದ ತರಬೇಕಿಲ್ಲ. ಇನ್ನೊಂದು ಅನುಕೂಲ, ನಾವು ಎಸಳು ಅಂದುಕೊಳ್ಳುವುದು ನಿಜಕ್ಕೂ ಪುಷ್ಪಪತ್ರಗಳು (ಬೇರೆ ಹೂಗಳಲ್ಲಿ ಎಸಳಿನ ಕೆಳಗೆ ಹಸಿರಾಗಿರುತ್ತಲ್ಲ, ಆ ಭಾಗ), ಅದಕ್ಕೇ ಗೊಂಚಲು ವಾರಗಟ್ಟಲೆ ನಿಲ್ಲುತ್ತದೆ.

ನಮ್ಮಲ್ಲಿ ಹೂವು ನೋಡೋದು ಅಂದ್ರೆ ಲಾಲ್‌ಬಾಗ್ ಫ್ಲವರ್ ಶೋ, ಜನವರಿ ಮತ್ತು ಆಗಸ್ಟ್‌ನಲ್ಲಿ. ಅದು ಚೆನ್ನಾಗಿಲ್ಲ ಅಂತ ಹೇಳಲ್ಲ, ಗಾಜಿನ ಮನೆಯಲ್ಲಿ ನಾನೂ ನೂಕುನುಗ್ಗಲಲ್ಲಿ ನಿಂತವನೇ. ಆದರೆ ಅಲ್ಲಿ ಜನ ಮುಗಿಬೀಳೋದು ಕಿತ್ತ ಹೂವಿನಲ್ಲಿ ಕಟ್ಟಿದ ಗೋಪುರ, ಪ್ರತಿಮೆಗಳಿಗೆ. ಪ್ರದರ್ಶನ ಮುಗಿದ ಮೇಲೆ ಅದು ಕಸ. ನೆಲದಲ್ಲಿ ಬೇರು ಬಿಟ್ಟು, ವರ್ಷ ವರ್ಷ ಅದೇ ಜಾಗದಲ್ಲಿ ಅರಳುವ ಗಿಡ ನೋಡೋಕೆ ಅಂತಲೇ ಜನ ಬರುವ ತೋಟ ಮಲೆನಾಡಿನಲ್ಲಿ ಒಂದಾದರೂ ಇರಲಿ. ಕೆಮ್ಮಣ್ಣುಗುಂಡಿ ತೋಟಗಾರಿಕೆ ಇಲಾಖೆಯ ಕೈಯಲ್ಲೇ ಇದೆ. ಮಡಿಕೇರಿಯ ರಾಜಾಸೀಟ್ ಕೂಡ ಆಗಬಹುದು, ಆದರೆ ಅಲ್ಲಿ ಈಗಲೇ ಜನ ಜಾಸ್ತಿ.

ಖರ್ಚಿನ ಮಾತು ಬಂದೇ ಬರುತ್ತೆ. ಈ ಗಿಡ ಕಡ್ಡಿ ನೆಟ್ಟರೂ ಬರುತ್ತದೆ, ಹಾಗಾಗಿ ಸಾವಿರಾರು ಸಸಿ ಕೊಳ್ಳಬೇಕಿಲ್ಲ. ಬೇಸಿಗೆಯಲ್ಲಿ ಮಾತ್ರ ನೀರು ಬೇಕೇ ಬೇಕು. ಹೂವು ಮುಗಿದ ಕೂಡಲೇ ಕತ್ತರಿ ಆಡಿಸಬೇಕು. ತಡ ಮಾಡಿದರೆ ಮುಂದಿನ ವರ್ಷದ ಮೊಗ್ಗೂ ಹೋಯ್ತು, ಯಾಕೆಂದರೆ ಹೆಚ್ಚಿನ ತಳಿಗಳಲ್ಲಿ ಮೊಗ್ಗು ಕೂರುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ಎಲೆ ವಿಷ, ದನಕರು ಬಾಯಿ ಹಾಕದಂತೆ ಬೇಲಿಯೂ ಬೇಕು. ಮೊದಲ ವರ್ಷ ಒಂದು ಕಾಲುದಾರಿಯ ಎರಡು ಬದಿಗೆ ನೆಟ್ಟು ನೋಡಿದರೆ ಸಾಕು. ನಿಮ್ಮ ಚಿಕ್ಕಮಗಳೂರಿನ ವರದಿಗಾರರು ಈ ವಿಷಯವನ್ನು ತೋಟಗಾರಿಕೆ ಇಲಾಖೆಯವರ ಹತ್ತಿರ ಒಮ್ಮೆ ಕೇಳಿ, ಅವರು ಏನಂತಾರೆ ಅಂತ ಬರೆಯಲಿ.

ಇಂತಿ,
ಸಕಲೇಶಪುರದ ಓದುಗ, ಯೋಕೊಹಾಮಾ