ಔಷಧಿಗೆ ಬೇಕಾದ ಅಶೋಕ ಆಸ್ಪತ್ರೆಯ ಅಂಗಳದಲ್ಲೇ ಬೆಳೆಯಲಿ

ಮಾನ್ಯ ಸಂಪಾದಕರೇ,

ಮುಟ್ಟಿನ ದಿನಗಳಲ್ಲಿ ರಕ್ತಸ್ರಾವ ಅತಿಯಾದರೆ ಅಶೋಕದ ತೊಗಟೆಯ ಕಷಾಯ ಕುಡಿದರೆ ಸಾಕು, ಬೇರೆ ಯಾವ ಮದ್ದೂ ಬೇಡ ಎನ್ನುವ ಸಂದೇಶಗಳು ಕೆಲವು ತಿಂಗಳಿಂದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿವೆ. ಅವುಗಳ ಜೊತೆಗೆ ಬರುವ ಚಿತ್ರಗಳಲ್ಲಿ ಹೆಚ್ಚಿನವು, ಶಾಲೆ ಮತ್ತು ಕಚೇರಿಗಳ ಕಾಂಪೌಂಡಿನ ಉದ್ದಕ್ಕೂ ನೆಟ್ಟಗೆ ನಿಂತು ಕೊಂಬೆಗಳನ್ನೆಲ್ಲ ಕೆಳಕ್ಕೆ ಇಳಿಬಿಟ್ಟಿರುವ ಎತ್ತರದ ಮರದ ಚಿತ್ರಗಳು. ಆಯುರ್ವೇದ ಹೇಳುವ ಅಶೋಕ ಆ ಮರವಲ್ಲ. ಈ ತಪ್ಪು ಗುರುತಿನಿಂದ ಹೆಣ್ಣುಮಕ್ಕಳ ಆರೋಗ್ಯಕ್ಕೂ ನಮ್ಮ ಪಶ್ಚಿಮಘಟ್ಟದ ಒಂದು ಅಪರೂಪದ ಮರಕ್ಕೂ ಆಗುತ್ತಿರುವ ಹಾನಿಯನ್ನು ತಮ್ಮ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದರು. ಮಗಳಿಗೆ ಪ್ರತಿದಿನ ಕಾಯಿಸಿ ಕೊಡುತ್ತಿದ್ದ ಚಕ್ಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದು, 'ಅಕ್ಕಾ, ಅಶೋಕದ ಚಕ್ಕೆ ಇದೇ ತಾನೇ? ಮನೆ ಎದುರಿನ ಮರದ್ದೇ ಕೆತ್ತಿದ್ದು' ಎಂದರು. ಅದು ಕಾಂಪೌಂಡಿನ ಬದಿಯ ಆ ಎತ್ತರದ ಮರದ ತೊಗಟೆಯೇ ಆಗಿತ್ತು. ಅಷ್ಟು ಹೊತ್ತಿಗೆ ಹುಡುಗಿಯ ಹಿಮೋಗ್ಲೋಬಿನ್ ಬಹಳ ಇಳಿದುಹೋಗಿತ್ತು. ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ಅವಳನ್ನು ಕೂಡಲೇ ಸ್ತ್ರೀರೋಗ ತಜ್ಞರ ಬಳಿಗೆ ಕಳಿಸಬೇಕಾಯಿತು. ತಾಯಿಯ ಕಾಳಜಿಯಲ್ಲಿ ಕೊರತೆಯಿರಲಿಲ್ಲ. ಯಾವುದು ಅಶೋಕ ಎಂದು ತೋರಿಸಿಕೊಡುವವರು ಅವರಿಗೆ ಯಾರೂ ಸಿಕ್ಕಿರಲಿಲ್ಲ, ಅಷ್ಟೆ.

ಎರಡೂ ಮರಗಳನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಗೊಂದಲ ಉಳಿಯುವುದಿಲ್ಲ. ನಿಜವಾದ ಅಶೋಕ, ಅಂದರೆ ನರ್ಸರಿಗಳಲ್ಲಿ ಸೀತಾ ಅಶೋಕ ಎಂದು ಕರೆಯುವ ಸರಾಕಾ ಅಸೋಕಾ, ಹುಣಸೆ ಮತ್ತು ಕಕ್ಕೆಯ ಬಳಗಕ್ಕೆ ಸೇರಿದ, ಅಷ್ಟೇನೂ ಎತ್ತರಕ್ಕೆ ಹೋಗದೆ ನೆರಳಾಗಿ ಹರಡಿಕೊಳ್ಳುವ ನಿತ್ಯಹಸಿರಿನ ಮರ. ಒಂದೊಂದು ಎಲೆಯೂ ಮೂರರಿಂದ ಆರು ಜೊತೆ ಕಿರುಎಲೆಗಳ ಸಂಯುಕ್ತ ಎಲೆ. ಚಿಗುರು ತಾಮ್ರದ ಬಣ್ಣದಲ್ಲಿ ಮೆತ್ತಗೆ ಜೋತುಬಿದ್ದಿರುತ್ತದೆ, ಬಲಿತ ಮೇಲಷ್ಟೇ ಹಸಿರಾಗಿ ಎದ್ದು ನಿಲ್ಲುತ್ತದೆ. ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೂ ಬಿಡುವ ಈ ಮರದಲ್ಲಿ ಕೊಂಬೆಯ ತುದಿಯಲ್ಲಷ್ಟೇ ಅಲ್ಲದೆ ಹಳೆಯ ಕಾಂಡದ ಮೈಮೇಲೂ ಗೊಂಚಲು ಮೂಡುತ್ತದೆ. ಹೂವಿಗೆ ಎಸಳುಗಳೇ ಇಲ್ಲ. ನಾವು ಎಸಳೆಂದುಕೊಳ್ಳುವುದು ಬಣ್ಣ ತಳೆದ ಪುಷ್ಪಪಾತ್ರೆಯ, ಅಂದರೆ ಹೂವಿನ ಹೊರಸುತ್ತಿನ, ನಾಲ್ಕು ಹಾಲೆಗಳನ್ನು. ಅರಳುವಾಗ ಹಳದಿ ಮಿಶ್ರಿತ ಕಿತ್ತಳೆ ಬಣ್ಣವಿದ್ದು ದಿನ ಕಳೆದಂತೆ ಕೆಂಪೇರುವುದರಿಂದ ಒಂದೇ ಗೊಂಚಲಿನಲ್ಲಿ ಎರಡೂ ಬಣ್ಣ ಕಾಣುತ್ತವೆ, ಅವುಗಳ ನಡುವಿನಿಂದ ಉದ್ದನೆಯ ಕೇಸರಗಳು ಹೊರಚಾಚಿರುತ್ತವೆ. ಇನ್ನೊಂದು ಮರ, ಹಳಬರು ಕಂಬದ ಮರ ಎನ್ನುತ್ತಿದ್ದದ್ದು, ಸೀತಾಫಲದ ಕುಟುಂಬದ್ದು. ಅದರ ಎಲೆ ಒಂಟಿ, ನೀಳ, ಅಂಚೆಲ್ಲ ಅಲೆಅಲೆ. ಹೂವು ತಿಳಿಹಸಿರಿನ ನಕ್ಷತ್ರದಂಥದ್ದು, ಎಲೆಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ಅದೂ ನಮ್ಮ ನೆಲದ ಮರವೇ, ಅದರ ಹಣ್ಣಿಗಾಗಿ ಬಾವಲಿಗಳೂ ಕೋಗಿಲೆಗಳೂ ಬರುತ್ತವೆ, ಅದನ್ನು ಕಡಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದರ ತೊಗಟೆಯ ರಾಸಾಯನಿಕ ಗುಣವೇ ಬೇರೆ. ಅಶೋಕಕ್ಕೆ ಹೇಳಿದ ಉಪಯೋಗವನ್ನು ಅದರಿಂದ ನಿರೀಕ್ಷಿಸಲು ಯಾವ ಆಧಾರವೂ ಇಲ್ಲ.

ಆಯುರ್ವೇದದಲ್ಲಿ ಅಶೋಕಕ್ಕಿರುವ ಸ್ಥಾನ ದೊಡ್ಡದು. ಚರಕ ಸಂಹಿತೆಯು ನೋವನ್ನು ಶಮನಗೊಳಿಸುವ ಹತ್ತು ದ್ರವ್ಯಗಳ ವೇದನಾಸ್ಥಾಪನ ಗಣದಲ್ಲಿ ಅಶೋಕವನ್ನು ಸೇರಿಸಿದೆ. ಭಾವಪ್ರಕಾಶ ನಿಘಂಟು ಇದನ್ನು ತಂಪು ಗುಣದ, ಕಹಿ ಮತ್ತು ಒಗರು ರುಚಿಯ, ಸ್ರಾವವನ್ನು ಹಿಡಿದಿಡುವ, ಮೈಬಣ್ಣಕ್ಕೆ ಹಿತವಾದ ದ್ರವ್ಯವೆಂದು ವರ್ಣಿಸಿ, ಬಾಯಾರಿಕೆ, ಉರಿ ಮತ್ತು ರಕ್ತದೋಷಗಳಲ್ಲಿ ಉಪಯುಕ್ತವೆನ್ನುತ್ತದೆ. ಚಕ್ರದತ್ತವೆಂಬ ಚಿಕಿತ್ಸಾ ಗ್ರಂಥವು ತೀವ್ರವಾದ ಅಸೃಗ್ದರಕ್ಕೆ, ಅಂದರೆ ಅತಿ ರಕ್ತಸ್ರಾವಕ್ಕೆ, ಅಶೋಕದ ತೊಗಟೆಯ ಕಷಾಯದಲ್ಲಿ ಹಾಲು ಬೇಯಿಸಿ, ಚೆನ್ನಾಗಿ ತಣಿಸಿ, ರೋಗಿಯ ಶಕ್ತಿ ನೋಡಿಕೊಂಡು ಬೆಳಿಗ್ಗೆ ಕುಡಿಸಲು ಹೇಳಿದೆ. ಶಕ್ತಿ ನೋಡಿಕೊಂಡು ಎನ್ನುವ ಆ ಒಂದು ಮಾತನ್ನು ಇಂದಿನ ಸಂದೇಶಗಳು ಪೂರ್ತಿಯಾಗಿ ಬಿಟ್ಟುಬಿಟ್ಟಿವೆ ಎನ್ನುವುದು ನನ್ನ ದೊಡ್ಡ ತಕರಾರು. ಹೂವನ್ನು ರಕ್ತಭೇದಿಯಲ್ಲಿ, ಬೀಜವನ್ನು ಮೂತ್ರ ಕಟ್ಟಿದಾಗ ಬಳಸುವ ಕ್ರಮಗಳೂ ಉಂಟು. ಆದರೂ ವೈದ್ಯರ ಬಳಕೆಯಲ್ಲಿ ಮುಖ್ಯವಾಗಿ ಉಳಿದದ್ದು ತೊಗಟೆಯೇ.

ತೊಗಟೆಯಿಂದ ಮಾಡುವ ಔಷಧಿಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅಶೋಕಾರಿಷ್ಟ. ಭೈಷಜ್ಯ ರತ್ನಾವಳಿ ಎನ್ನುವ ಔಷಧಿ ಗ್ರಂಥದ ಪಾಠದ ಪ್ರಕಾರ ನೂರು ಪಲ ತೊಗಟೆಯನ್ನು ನಾಲ್ಕು ದ್ರೋಣ ನೀರಿನಲ್ಲಿ ಕುದಿಸಿ ಕಾಲುಭಾಗಕ್ಕೆ ಇಳಿಸಬೇಕು. ಇಂದಿನ ಲೆಕ್ಕದಲ್ಲಿ ಸುಮಾರು 4.8 ಕಿಲೊ ತೊಗಟೆ, 49 ಲೀಟರ್ ನೀರು, ಕೊನೆಗೆ ಉಳಿಯುವುದು 12 ಲೀಟರಿನಷ್ಟು ಕಷಾಯ. ಅದನ್ನು ಸೋಸಿ, ಆರಿಸಿ, ಇನ್ನೂರು ಪಲ ಬೆಲ್ಲ ಕರಗಿಸಿ, ಹದಿನಾರು ಪಲ ಧಾತಕಿ ಹೂವನ್ನೂ ಜೀರಿಗೆ, ತುಂಗಮುಸ್ತೆ, ಶುಂಠಿ, ಮರದರಿಶಿನ, ತ್ರಿಫಲೆ, ಮಾವಿನ ಓಟೆಯ ತಿರುಳು, ಆಡುಸೋಗೆ, ಚಂದನ ಮುಂತಾದವುಗಳನ್ನು ಒಂದೊಂದು ಪಲದಂತೆಯೂ ಸೇರಿಸಿ, ಬಾಯಿ ಮುಚ್ಚಿ ಒಂದು ತಿಂಗಳು ಹುದುಗಲು ಬಿಡುತ್ತಾರೆ. ಇಷ್ಟೆಲ್ಲ ಶ್ರಮದ ಬುನಾದಿ ಆ ಮೊದಲ ನೂರು ಪಲ. ತೊಗಟೆಯೇ ಬೇರೆ ಮರದ್ದಾದರೆ ಉಳಿದ ಹತ್ತಾರು ದ್ರವ್ಯಗಳನ್ನು ಎಷ್ಟೇ ಶ್ರದ್ಧೆಯಿಂದ ಹಾಕಿದರೂ ಬಾಟಲಿಯಲ್ಲಿರುವುದು ಅಶೋಕಾರಿಷ್ಟವಾಗುವುದಿಲ್ಲ.

ಪೇಟೆಯಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ದಕ್ಷಿಣ ಭಾರತದ ಗ್ರಂಥಿಗೆ ಅಂಗಡಿಗಳಿಂದ ಅಶೋಕವೆಂದು ಕೊಂಡು ತಂದ ತೊಗಟೆಯ ಮಾದರಿಗಳನ್ನು ಡಿಎನ್‌ಎ ಬಾರ್‌ಕೋಡಿಂಗ್ ಮೂಲಕ, ಅಂದರೆ ಡಿಎನ್‌ಎಯ ತುಣುಕಿನಿಂದ ಸಸ್ಯದ ಜಾತಿಯನ್ನು ಗುರುತಿಸುವ ವಿಧಾನದಿಂದ, ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇಕಡ 80ಕ್ಕೂ ಹೆಚ್ಚು ಮಾದರಿಗಳು ಅಶೋಕವೇ ಆಗಿರಲಿಲ್ಲ, ಅವು ಕನಿಷ್ಠ ಏಳು ಬೇರೆ ಬೇರೆ ಸಸ್ಯಕುಟುಂಬಗಳಿಗೆ ಸೇರಿದ್ದವು. ಹಸಿ ತೊಗಟೆಯಾದರೆ ಗುರುತಿಸುವುದು ಸುಲಭ. ನಿಜವಾದ ಅಶೋಕದ ಕಾಂಡದ ಮೇಲ್ಮೈ ಕಡುಕಂದು, ಮುಟ್ಟಿದರೆ ಗಂಟುಗಂಟಾಗಿ ಒರಟು. ಚಾಕುವಿನಿಂದ ಗೀರಿದಾಗ ಒಳಮೈ ನಸುಹಳದಿಯಾಗಿ ಕಂಡು, ಗಾಳಿ ತಾಗಿದಂತೆ ನೋಡುತ್ತ ನೋಡುತ್ತಲೇ ಕೆಂಪಾಗುತ್ತದೆ. ಅಗಿದರೆ ನಾಲಿಗೆ ಬಿಗಿಯುವಷ್ಟು ಒಗರು. ಒಣಗಿಸಿ ತುಂಡು ಮಾಡಿ ಚೀಲಕ್ಕೆ ತುಂಬಿದ ಮೇಲೆ, ಅದರಲ್ಲೂ ಪುಡಿ ಮಾಡಿದ ಮೇಲೆ, ಅನುಭವಿ ಕಣ್ಣಿಗೂ ತೀರ್ಮಾನ ಕಷ್ಟ. ಆಗ ಸೂಕ್ಷ್ಮದರ್ಶಕ ಮತ್ತು ಪ್ರಯೋಗಾಲಯವೇ ಹೇಳಬೇಕು.

ಅಂಗಡಿಯವರೆಲ್ಲ ಮೋಸಗಾರರು ಎಂದು ನಾನು ಹೇಳಲಾರೆ. ನಿಜವಾದ ತೊಗಟೆ ಸಾಕಷ್ಟು ಇಲ್ಲ ಎನ್ನುವುದೇ ಮೂಲ ಸಮಸ್ಯೆ. ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡ, ಕೊಡಗಿನ ಕಾಡುಗಳಲ್ಲಿ ಹಳ್ಳದ ದಂಡೆಯ ತಂಪಿನಲ್ಲಿ ಬೆಳೆಯುವ ಈ ಮರವನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅಳಿವಿನ ಅಪಾಯಕ್ಕೆ ಸಿಲುಕಬಲ್ಲ 'ವಲ್ನರಬಲ್' ವರ್ಗಕ್ಕೆ ಸೇರಿಸಿದೆ. ಎಲೆಯನ್ನೋ ಹಣ್ಣನ್ನೋ ಕಿತ್ತರೆ ಮರ ಚೇತರಿಸಿಕೊಳ್ಳುತ್ತದೆ, ತೊಗಟೆಯ ವಿಷಯ ಹಾಗಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಬೇರು ಉಪವಾಸ ಬಿದ್ದು ಮರ ನಿಧಾನವಾಗಿ ಸಾಯುತ್ತದೆ. ನಮ್ಮ ಕಡೆಯ ಹಳ್ಳವೊಂದರ ಬದಿಯಲ್ಲಿ ಹೀಗೆ ಆಳೆತ್ತರದವರೆಗೆ ಸುಲಿದ ಅಶೋಕವನ್ನು ನಾನು ಕಂಡಿದ್ದೇನೆ. ಮೇಲಿನ ಕೊಂಬೆಗಳಲ್ಲಿ ಇನ್ನೂ ಹಸಿರೆಲೆಗಳಿದ್ದವು, ಕೆಳಗೆ ಬತ್ತಲಾದ ಕಟ್ಟಿಗೆ ಬಿಸಿಲಿಗೆ ಸೀಳು ಬಿಟ್ಟಿತ್ತು. ಒಂದು ತಲೆಹೊರೆ ತೊಗಟೆಗಾಗಿ ಅಷ್ಟು ವರ್ಷ ಬೆಳೆದ ಮರವನ್ನು ಕೊಂದವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅವರ ಕೈಗೆ ಬಂದ ಕೂಲಿ ಎಷ್ಟಿದ್ದೀತು ಎಂದು ಯೋಚಿಸಿದಾಗ, ಬೆಳೆಸದೆಯೇ ಕೊಯ್ಯಲು ಹೊರಟ ನಮ್ಮೆಲ್ಲರ ವ್ಯವಸ್ಥೆಯ ಮೇಲೇ ಹೆಚ್ಚು ಸಿಟ್ಟು ಬಂತು.

ಇನ್ನೊಂದು ವಿಷಯವನ್ನು ವೈದ್ಯೆಯಾಗಿ ಸ್ಪಷ್ಟವಾಗಿ ಹೇಳಲೇಬೇಕು. ಅಶೋಕದ ತೊಗಟೆಯಲ್ಲಿ ಟ್ಯಾನಿನ್, ಕ್ಯಾಟೆಚಿನ್ ಮುಂತಾದ ಒಗರು ಅಂಶಗಳು ಹೇರಳವಾಗಿವೆ; ಅವುಗಳ ಮೇಲೆ ಪ್ರಯೋಗಾಲಯದ ಕೆಲಸಗಳು ಸಾಕಷ್ಟು ನಡೆದಿವೆ. ರೋಗಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ, ಕಟ್ಟುನಿಟ್ಟಾಗಿ ನಡೆದ ಅಧ್ಯಯನಗಳು ಕಡಿಮೆ. ಶತಮಾನಗಳ ಅನುಭವಕ್ಕೆ ಬೆಲೆ ಕೊಡುವ ನಾವೇ ಅಂಥ ಅಧ್ಯಯನಗಳಿಗೆ ಒತ್ತಾಯಿಸಬೇಕು, ಮತ್ತು ಅವುಗಳಲ್ಲಿ ಬಳಸುವ ತೊಗಟೆ ನಿಜವಾದ ಅಶೋಕದ್ದೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಅಲ್ಲದೆ ಅತಿ ರಕ್ತಸ್ರಾವ ಎನ್ನುವುದು ಒಂದು ಲಕ್ಷಣ. ಅದರ ಹಿಂದೆ ಗರ್ಭಾಶಯದ ಗಡ್ಡೆ ಇರಬಹುದು, ಥೈರಾಯ್ಡ್ ತೊಂದರೆ ಇರಬಹುದು, ರಕ್ತ ಹೆಪ್ಪುಗಟ್ಟುವಲ್ಲಿ ದೋಷವಿರಬಹುದು, ಕೆಲವೊಮ್ಮೆ ಕ್ಯಾನ್ಸರ್ ಕೂಡ ಇರಬಹುದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರಂತೂ ಯಾವ ಕಷಾಯಕ್ಕೂ ಕಾಯದೆ ತಪಾಸಣೆಗೆ ಹೋಗಬೇಕು. ಬಸುರಿಯರು ವೈದ್ಯರನ್ನು ಕೇಳದೆ ಅಶೋಕದ ಯಾವ ಔಷಧಿಯನ್ನೂ ತೆಗೆದುಕೊಳ್ಳಬಾರದು. ಅರಿಷ್ಟದಲ್ಲಿ ಹುದುಗಿನಿಂದ ಉಂಟಾದ ಮದ್ಯಸಾರವೂ ಸಾಕಷ್ಟು ಬೆಲ್ಲವೂ ಇರುವುದನ್ನು ಸಕ್ಕರೆ ಕಾಯಿಲೆಯವರು ಮರೆಯಬಾರದು.

ಇನ್ನು ಆಗಬೇಕಾದ ಕೆಲಸಗಳು. ಔಷಧಿಗಳ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕೃತ ಗ್ರಂಥವಾದ ಆಯುರ್ವೇದ ಫಾರ್ಮಕೋಪಿಯಾವು ಅಶೋಕವೆಂದರೆ ಸರಾಕಾ ಅಸೋಕಾ ಮರದ ಒಣಗಿದ ಕಾಂಡದ ತೊಗಟೆ ಎಂದೇ ನಿಗದಿಪಡಿಸಿ ಗುರುತಿನ ಪರೀಕ್ಷೆಗಳನ್ನೂ ಕೊಟ್ಟಿದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಕಲಬೆರಕೆ ಮತ್ತು ನಕಲಿ ಆಯುರ್ವೇದ ಔಷಧಿಗಳ ವಿರುದ್ಧ ಪ್ರತ್ಯೇಕ ಕಲಮುಗಳೇ ಇವೆ. ಹೊಸ ಕಾನೂನು ಬೇಕಾಗಿಲ್ಲ. ತಯಾರಿಕಾ ಘಟಕಗಳಿಗೆ ಬರುವ ಚೀಲಗಳಿಂದ ಮಾದರಿ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ಸಾರ್ವಜನಿಕರಿಗೆ ತಿಳಿಸುವ ರೂಢಿ ಬೇಕು. ಅಶೋಕ ಸಿಗದೆ ಬೇರೆ ದ್ರವ್ಯ ಬಳಸಿದ್ದರೆ ಅದನ್ನು ಮುಚ್ಚಿಡದೆ ಲೇಬಲ್ಲಿನ ಮೇಲೆ ಬರೆಯಲಿ.

ಇದಕ್ಕಿಂತ ಮುಖ್ಯವಾದದ್ದು ಬೆಳೆಸುವ ಕೆಲಸ. ಪ್ರತಿ ಮಳೆಗಾಲದಲ್ಲೂ ಅರಣ್ಯ ಇಲಾಖೆ, ಪಂಚಾಯಿತಿಗಳು ಮತ್ತು ಶಾಲೆಗಳು ಸಸಿ ನೆಡುತ್ತವೆ. ಅಶೋಕ ಬೇಕೆಂದು ಕೇಳಿದರೆ ಹಲವು ನರ್ಸರಿಗಳಲ್ಲಿ ಈಗಲೂ ಕೈಗೆ ಬರುವುದು ಕಂಬದ ಮರದ ಸಸಿಯೇ. ಪ್ರತಿ ತಾಲ್ಲೂಕಿನ ಆಯುರ್ವೇದ ಆಸ್ಪತ್ರೆಯ ಅಂಗಳದಲ್ಲಿ, ಆಯುರ್ವೇದ ಕಾಲೇಜಿನ ತೋಟದಲ್ಲಿ, ಕೆರೆಯ ಏರಿಯ ಕೆಳಗಿನ ತೇವದ ಜಾಗದಲ್ಲಿ ಸೀತಾ ಅಶೋಕವನ್ನೇ ನೆಟ್ಟು ಪಕ್ಕದಲ್ಲಿ ಹೆಸರಿನ ಫಲಕ ಹಾಕಿದರೆ, ಔಷಧಿ ಬರೆಯುವ ವೈದ್ಯರೂ ಕೊಳ್ಳುವ ರೋಗಿಗಳೂ ಮರವನ್ನು ಕಣ್ಣಾರೆ ಕಂಡು ತಿಳಿಯುತ್ತಾರೆ. ಮಲೆನಾಡಿನ ಅಡಿಕೆ ಬೆಳೆಗಾರರಲ್ಲೂ ನನ್ನದೊಂದು ವಿನಂತಿ. ನೆರಳನ್ನು ಸಹಿಸುವ, ನೀರು ನಿಲ್ಲದ ತೇವದ ಮಣ್ಣನ್ನು ಇಷ್ಟಪಡುವ ಈ ಮರಕ್ಕೆ ತೋಟದ ಅಂಚು ಮತ್ತು ಹಳ್ಳದ ದಂಡೆ ಹೇಳಿಮಾಡಿಸಿದ ಜಾಗ. ತೊಗಟೆ ಕೊಡುವಷ್ಟು ಬಲಿಯಲು ಹತ್ತಾರು ವರ್ಷ ಬೇಕು ಎನ್ನುವುದು ನಿಜ. ಆ ಕಾಯುವಿಕೆಯ ಹೊರೆಯನ್ನು ಬೆಳೆಗಾರನೊಬ್ಬನ ಮೇಲೆ ಹಾಕದೆ, ಔಷಧಿ ತಯಾರಕರು ಮುಂಚಿತವಾಗಿ ಒಪ್ಪಂದ ಮಾಡಿಕೊಂಡು ಹಣ ತೊಡಗಿಸಬೇಕು. ಕೊಯ್ಯುವಾಗಲೂ ಕಾಂಡವನ್ನು ಸುತ್ತ ಸುಲಿಯದೆ, ಒಂದು ಬದಿಯಿಂದ ಉದ್ದುದ್ದ ಪಟ್ಟಿಯಾಗಿ ತೆಗೆದು, ಆ ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಇನ್ನೊಂದು ಬದಿಗೆ ಕೈಹಾಕಬೇಕು.

ಸಸಿ ಮಾಡುವವರಿಗೆ ಒಂದು ಸೂಚನೆ. ಅಶೋಕದ ಬೀಜವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯ್ದಿರಿಸಲು ಬರುವುದಿಲ್ಲ, ಒಣಗಿದರೆ ಅದರ ಮೊಳಕೆಯ ಶಕ್ತಿ ಬೇಗ ಹೋಗುತ್ತದೆ. ಚಪ್ಪಟೆಯಾದ ಕೋಡುಗಳು ಬಲಿತು ಕಪ್ಪಾಗುತ್ತಿದ್ದಂತೆ, ಮಂಗಗಳ ಪಾಲಾಗುವ ಮೊದಲೇ ಆರಿಸಿಕೊಂಡು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ತಡಮಾಡದೆ ಪಾಲಿಥೀನ್ ಚೀಲಗಳಲ್ಲಿ ಬಿತ್ತಿ ನೆರಳಿನಲ್ಲಿಡಬೇಕು. ಕೋಡು ಬಲಿಯುವ ಹೊತ್ತಿಗೆ ತಮ್ಮ ಊರಿನ ನಿಜವಾದ ಅಶೋಕ ಎಲ್ಲಿದೆ ಎಂದು ಅರಣ್ಯ ಇಲಾಖೆಯ ನರ್ಸರಿಯವರೂ ಶಾಲೆಯ ಮೇಷ್ಟ್ರುಗಳೂ ಈಗಲೇ ಗುರುತು ಮಾಡಿಟ್ಟುಕೊಂಡರೆ ಈ ಮಳೆಗಾಲದಲ್ಲೇ ಬಿತ್ತನೆ ಸಾಧ್ಯ.

ಇಂತಿ,
ಓರ್ವ ಆಯುರ್ವೇದ ವೈದ್ಯೆ, ಶಿರಸಿ