ಕೈ ಹಿಡಿದ ನಮ್ಮ ದಾವಣಗೆರೆಯವರಿಗೆ

ನಮ್ಮ ಹೊಲಿಗೆ ಯೂನಿಟ್ಟಿನ ಸಾಲದಲ್ಲಿ ಬಾಕಿ ಬಿದ್ದಿದ್ದ ಕಂತುಗಳೆಲ್ಲ ಈ ವಾರ ಚುಕ್ತಾ ಆದವು. ಮಿಷನ್‌ಗಳು ಓಡುತ್ತಿವೆ. ಒಬ್ಬರನ್ನೂ ಕೆಲಸದಿಂದ ಬಿಡಿಸಿಲ್ಲ. ಇದು ನನ್ನೊಬ್ಬಳಿಂದ ಆದದ್ದಲ್ಲ, ಅದಕ್ಕೇ ಈ ಬರಹ.

ಪರ ಊರಿನ ದೊಡ್ಡ ಗಿರಾಕಿಯೊಬ್ಬರು ಶಾಲೆಯ ಯೂನಿಫಾರಂ ತೆಗೆದುಕೊಂಡು ಹೋಗಿ ದುಡ್ಡು ಕೊಡಲಿಲ್ಲ. ಯೂನಿಫಾರಂ ವ್ಯಾಪಾರ ಗೊತ್ತಲ್ವಾ? ಬೇಸಿಗೆಯಲ್ಲಿ ಬಟ್ಟೆ ತಂದು, ಹೊಲಿದು, ಶಾಲೆ ಶುರುವಾಗುವ ಹೊತ್ತಿಗೆ ಮುಟ್ಟಿಸಬೇಕು. ಬಂಡವಾಳವೆಲ್ಲ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಇತ್ತ ಕಂತಿನ ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಬೇರೆ ಕಡೆ ಸಾಲ ಹುಟ್ಟುವುದು ಬಲು ಕಷ್ಟ.

ಮೊದಲು, ನಮ್ಮ ಲೆಕ್ಕ ನೋಡುವ ಅಣ್ಣನಿಗೆ. "ಧೈರ್ಯವಾಗಿರಿ" ಅಂದವರು ಬಹಳ ಜನ. ಇವರು ಸುಮ್ನೆ ಪಕ್ಕದಲ್ಲಿ ಕೂತು ಬಾಕಿ ಪುಸ್ತಕ ತೆಗೆಸಿದರು. ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು ಮೂರು ಭಾಗ ಮಾಡಿದರು. ಈ ವಾರ ಕೊಡಲೇಬೇಕಾದ್ದು, ಕೇಳಿಕೊಂಡರೆ ತಡೆಯುವವರದ್ದು, ಆಮೇಲೆ ನೋಡೋಣ ಅನ್ನುವಂಥದ್ದು. ಮೊದಲ ಭಾಗದಲ್ಲಿ ಕೂಲಿ, ಕರೆಂಟ್ ಬಿಲ್, ಬ್ಯಾಂಕಿನ ಕಂತು, ಅಷ್ಟೇ. ಅವತ್ತು ರಾತ್ರಿ ನನಗೆ ನಿದ್ದೆ ಬಂತು.

ಕಾನೂನು ನಮ್ಮ ಕಡೆ ಇದೆ ಅಂತ ತೋರಿಸಿಕೊಟ್ಟವರೂ ಅವರೇ. ನಮ್ಮಂಥ ಸಣ್ಣ ಘಟಕದಿಂದ ಮಾಲು ತೆಗೆದುಕೊಂಡವರು ಕರಾರು ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು ಅನ್ನುತ್ತದೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ನಮಗಿದ್ದದ್ದರಿಂದ, ಇಂಥ ಬಾಕಿಯ ದೂರು ಕೊಡುವ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆವು. ನೋಟಿಸ್ ಹೋದ ಮೇಲೆ ಗಿರಾಕಿಯೇ ಫೋನ್ ಮಾಡಿ, ಸ್ವಲ್ಪ ಸ್ವಲ್ಪವಾಗಿ ಕೊಟ್ಟು ತೀರಿಸಿದರು.

ಚೌಕಿಪೇಟೆಯ ನಮ್ಮ ಬಟ್ಟೆ ಸಾಹುಕಾರರು ಹಳೇ ಬಾಕಿ ಇದ್ದಾಗಲೂ ಮತ್ತೆ ಥಾನು ಉದ್ರಿ ಕೊಟ್ಟರು. "ಮಿಷನ್ ನಿಲ್ಲಿಸಬೇಡಮ್ಮ, ನಿಂತರೆ ನನ್ನ ದುಡ್ಡೂ ಬರಲ್ಲ" ಅಂದರು. ಸಾಲದ ಮಾತು ಬಂದಾಗ "ಮನೇಲಿ ಗಂಡಸರಿದ್ದರೆ ಕಳಿಸಿ" ಅಂದವರನ್ನೂ ಕಂಡಿದ್ದೇನೆ. ಸಾಹುಕಾರರು ನನ್ನ ಹತ್ತಿರವೇ ವ್ಯಾಪಾರದ ಮಾತು ಆಡಿದರು. ಅದಕ್ಕೆ ನಾನು ಋಣಿ.

ಎಲ್ಲಕ್ಕಿಂತ ಜಾಸ್ತಿ ನಮ್ಮ ಕಟಿಂಗ್ ಟೇಬಲ್ಲಿನ ಅಕ್ಕನಿಗೆ. ಅವರಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಇದ್ದವರು. ಮಿಲ್ಲುಗಳಿಂದಲೇ ಹೆಸರಾದ ಊರು ನಮ್ಮದು, ಅವು ಒಂದೊಂದಾಗಿ ಮುಚ್ಚಿದಾಗ ಎಷ್ಟು ಮನೆಗಳು ನಲುಗಿದವು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಂದು ಸಂಜೆ ಅಕ್ಕ ಕತ್ತರಿ ಕೆಳಗಿಟ್ಟು ಬಂದು, "ನಮ್ಮಪ್ಪನಿಗೆ ಯಾರೂ ಮುಂಚೆ ಹೇಳಲಿಲ್ಲಮ್ಮ. ನೀವು ಇದ್ದದ್ದು ಇದ್ದಂಗೆ ಹೇಳಿಬಿಡಿ" ಅಂದರು. ಮಾಲೀಕರ ಕಷ್ಟ ಮಾಲೀಕರೇ ನುಂಗಿಕೊಳ್ಳಬೇಕು ಅನ್ನುವ ರೂಢಿ ನಮ್ಮಲ್ಲಿದೆ. ನಾನು ಎಲ್ಲರನ್ನೂ ಕೂರಿಸಿ ಆ ಹಾಳೆಯನ್ನೇ ಮುಂದಿಟ್ಟೆ. ಅರ್ಧ ಬಟವಾಡೆ ಈಗ, ಉಳಿದದ್ದು ದುಡ್ಡು ಬಂದಾಗ ಅಂತ ಅವರವರೇ ಮಾತಾಡಿಕೊಂಡು ಹೇಳಿದರು. ಆ ಬಾಕಿಯನ್ನು ಬ್ಯಾಂಕಿಗಿಂತ ಮೊದಲು ತೀರಿಸಿದ್ದೇನೆ.

ನಿಮ್ಮಲ್ಲಿ ಯಾರದ್ದಾದರೂ ಬಿಲ್ ಹೀಗೆ ಸಿಕ್ಕಿಕೊಂಡಿದ್ದರೆ ಬನ್ನಿ. ಅರ್ಜಿಗೆ ಏನೇನು ಕಾಗದ ಬೇಕು ಅಂತ ನಾನೇ ಕೂತು ಹೇಳಿಕೊಡುತ್ತೇನೆ. ಬರುವಾಗ ಬಾಕಿ ಪುಸ್ತಕ ತನ್ನಿ.